ಸಂಕಪ್ಪನವರು ಮುಚ್ಚಿದ ತೂತು

ನಮ್ಮ ಆಫೀಸಿನಲ್ಲಿ ಸಂಕಪ್ಪನವರ ಮೇಲೆ ಸಿಟ್ಟು ಮಾಡದವರು ಯಾರೂ ಇಲ್ಲ, ಅವರಿಗೆ ಸಿಟ್ಟು ಬಂದದ್ದನ್ನು ಕಂಡವರೂ ಯಾರೂ ಇಲ್ಲ. ನಾನಂತೂ ಆರು ವರ್ಷದಿಂದ ಅವರ ಪಕ್ಕದ ಕುರ್ಚಿಯಲ್ಲಿ ಕೂತು ದಿನಕ್ಕೆರಡು ಸಲವಾದರೂ ರೇಗಿದ್ದೇನೆ. ನನ್ನ ಹೆಸರು ಹರ್ಷಿತಾ. ಹರ್ಷವೆಲ್ಲ ಹೆಸರಿಗೇ ಖರ್ಚಾಗಿ ಹೋಯಿತು ಎಂದು ನಮ್ಮಮ್ಮನೇ ಹೇಳುತ್ತಾಳೆ. ಊರು ಮಂಡ್ಯ, ಕೋಪ ಮೂಗಿನ ತುದಿಯಲ್ಲಿ, ಕೆಲಸ ಪುಣೆಯ ಖರಾಡಿಯಲ್ಲಿ. ಸಂಕಪ್ಪನವರು ಮಾಡಿದ ಕೆಲಸದಲ್ಲಿ ತಪ್ಪಿದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಪಾಲಿಗೆ ಬಂದ ಪುಣ್ಯ.

ಅವರಿಗೆ ನಲವತ್ತೇಳು. ಜಮಖಂಡಿ ಕಡೆಯವರು, ಡಿಪ್ಲೊಮಾ ಓದಿ ಪುಣೆಗೆ ಬಂದು ಇಪ್ಪತ್ತೈದು ವರ್ಷವಾಯಿತು. ಧನಕವಡಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ, ಆದರೂ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತಾರೆ. ಆಫೀಸಿನ ಎದುರಿಗಿರುವ ಅಪಾರ್ಟ್‌ಮೆಂಟಿನಿಂದ ನಾನು ಹತ್ತೂವರೆಗೆ ಬರುತ್ತೇನೆ. ಎಸಿ ಆಗುವುದಿಲ್ಲ ಎಂದು ಅವರು ಮೇ ತಿಂಗಳಲ್ಲೂ ಕಿವಿಗೆ ಮಫ್ಲರ್ ಸುತ್ತಿಕೊಂಡಿರುತ್ತಾರೆ. ಏನು ಹೇಳಿದರೂ ಒಂದೇ ಉತ್ತರ: 'ಹೌದ್ರಿ.' ಒಂದು ಹೌದ್ರಿಗೆ 'ಕೇಳಿಸಿತು' ಎಂದು ಅರ್ಥ. ಇನ್ನೊಂದಕ್ಕೆ 'ನೋಡೋಣ' ಎಂದು. ಕುತ್ತಿಗೆ ಸ್ವಲ್ಪ ವಾಲಿಸಿ, ನಡುವೆ ಎಳೆದು 'ಹೌದ್...ರಿ' ಎಂದರೋ, ನೀವು ತಲೆಕೆಳಗಾಗಿ ನಿಂತರೂ ಅವರು ಅದನ್ನು ಮಾಡುವುದಿಲ್ಲ ಎಂದು ಅರ್ಥ. ಇಷ್ಟು ತಿಳಿದುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಕೆಲಸ ಏನು ಅಂತ ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಂಕಪ್ಪನವರ ಹುಚ್ಚು ನಿಮಗೆ ತಿಳಿಯುವುದಿಲ್ಲ. ಗಾಡಿಯ ಯಾವುದೋ ಭಾಗ ಎಷ್ಟು ಭಾರ ತಡೆದೀತು, ಎಲ್ಲಿ ಬಿರುಕು ಬಿಟ್ಟೀತು ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು ನಮ್ಮ ಕೆಲಸ. ಅದಕ್ಕಾಗಿ ಆ ಭಾಗದ ನುಣುಪಾದ ಮೈಯನ್ನು ಸಾವಿರಾರು ಪುಟ್ಟ ಚೌಕಗಳಾಗಿ ಕತ್ತರಿಸಬೇಕು. ನುಣುಪು ಮೈಗೆ ಸರ್ಫೇಸ್ ಎನ್ನುತ್ತೇವೆ, ಚೌಕಗಳ ಬಲೆಗೆ ಮೆಶ್. ಮೊದಲು ಸರ್ಫೇಸ್, ಆಮೇಲೆ ಮೆಶ್, ಇದು ಲೋಕರೂಢಿ. ಸಂಕಪ್ಪನವರ ಪಾಲಿಗೆ ಬರುವುದು ಮಾತ್ರ ತಿರುಗುಮುರುಗು. ಯಾವುದೋ ಕಾಲದ ಮೆಶ್ ಇರುತ್ತದೆ, ಅದರ ಮೂಲ ಸರ್ಫೇಸ್ ಯಾರೋ ಕಳೆದಿರುತ್ತಾರೆ. ಮೆಶ್ ನೋಡಿ ಸರ್ಫೇಸ್ ಮಾಡಿಕೊಡಿ ಎನ್ನುತ್ತಾರೆ ಗಿರಾಕಿಗಳು. ಚಟ್ನಿ ತೋರಿಸಿ ಇದರಿಂದ ತೆಂಗಿನಕಾಯಿ ಮಾಡಿಕೊಡಿ ಅಂದಹಾಗೆ. ಅದನ್ನೂ ಅವರು ಮಾಡಿಕೊಡುತ್ತಾರೆ, ಜುಟ್ಟಿನ ಸಮೇತ.

ಸಾಫ್ಟ್‌ವೇರು ಸ್ವಲ್ಪ ಸಹಾಯ ಮಾಡುತ್ತದೆ. ಒಂದು ಚೌಕ ಮುಟ್ಟಿ, ಇಷ್ಟು ಡಿಗ್ರಿ ಎಂದು ಕೋನ ಕೊಟ್ಟರೆ, ಅಷ್ಟರ ಒಳಗೆ ಬಾಗಿರುವ ಅಕ್ಕಪಕ್ಕದ ಚೌಕಗಳನ್ನೆಲ್ಲ ಹಿಡಿದುಕೊಂಡು ಬರುತ್ತದೆ. ಅವುಗಳ ಮೇಲೆ ಒಂದು ನುಣುಪು ಹೊದಿಕೆ ಹೊದಿಸಿ, ಅಂಚಿಗೆ ಅಂಚು ಹೊಲಿಯುತ್ತಾ ಹೋಗಬೇಕು. ಆದರೆ ಅದಕ್ಕೆ ಬುದ್ಧಿ ಕಡಿಮೆ, ತಳದ ಜೊತೆ ಪಕ್ಕದ ಗೋಡೆಯನ್ನೂ ಹತ್ತಿಬಿಡುತ್ತದೆ. ಆಗ ಮಫ್ಲರಿನ ಒಳಗಿನಿಂದ ಕೇಳಿಸುತ್ತದೆ: "ಏ, ಎಲ್ಲಿ ಹೊಂಟಿ? ಇಳಿ, ಇಳಿ ಕೆಳಗ. ಅದು ನಿಮ್ಮನಿ ಅಲ್ಲ." ದಿನವಿಡೀ ಇದೇ ಸಂಭಾಷಣೆ. ಹೊಸಬರು ಅವರು ಹೆಂಡತಿಯ ಜೊತೆ ಫೋನಿನಲ್ಲಿದ್ದಾರೆ ಎಂದುಕೊಳ್ಳುತ್ತಾರೆ.

ಮೂಲ ಕಳೆದುಕೊಂಡ ಮೆಶ್‌ಗೆ ನಮ್ಮವರು ಇಂಗ್ಲಿಷಿನಲ್ಲಿ 'ಆರ್ಫನ್ ಮೆಶ್' ಎನ್ನುತ್ತಾರೆ, ಅನಾಥ ಬಲೆ ಎಂದು. ಆ ಮಾತು ಅವರಿಗೆ ಸೇರದು. "ಅನಾಥ ಅನಬ್ಯಾಡ್ರಿ ಮೇಡಮ್ಮಾರ, ಅದರ ದಾಖಲಿ ಅಷ್ಟ ಕಳದದ," ಎಂದು ಒಮ್ಮೆ ನನ್ನನ್ನೇ ತಿದ್ದಿದ್ದರು. ಒಂದು ಮೆಶ್ಶಿನ ಮಾನ ಕಾಪಾಡಲು ಹೊರಟ ಮನುಷ್ಯನಿಗೆ ನಾನು ಏನು ಹೇಳಲಿ!

ತಮ್ಮ ಮಾನದ ವಿಷಯದಲ್ಲಿ ಮಾತ್ರ ಇಷ್ಟು ಕಾಳಜಿ ಇರಲಿಲ್ಲ. ಹನ್ನೊಂದು ವರ್ಷದಿಂದ ನಮ್ಮಲ್ಲೇ ಕೆಲಸ ಮಾಡುತ್ತಿದ್ದರೂ ಅವರು ನಮ್ಮವರಲ್ಲ, ಯಾವುದೋ ಏಜೆನ್ಸಿಯ ಮೂಲಕ ಬಂದ ಗುತ್ತಿಗೆಯವರು. ಪ್ರತಿ ವರ್ಷ ಜನವರಿ ಒಂದಕ್ಕೆ ಅವರ ಗೇಟಿನ ಕಾರ್ಡು ಸತ್ತುಹೋಗುತ್ತದೆ. ಏಜೆನ್ಸಿಯವರು ಕಾಗದ ಕಳಿಸುವವರೆಗೆ ಎರಡು ಮೂರು ದಿನ ಸೆಕ್ಯೂರಿಟಿಯವನ ಪಕ್ಕದ ಸ್ಟೂಲಿನ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹೋಗುವವರು ಬರುವವರಿಗೆಲ್ಲ ಹೊಸ ವರ್ಷದ ಶುಭಾಶಯ ಹೇಳುತ್ತಾರೆ. ಇದನ್ನು ನೋಡಿದಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಅದಕ್ಕಿಂತ ದೊಡ್ಡದು ಆಸ್ಪತ್ರೆಯ ಕಾರ್ಡು. ಪರ್ಮನೆಂಟ್ ಆದವರಿಗೆ, ಅವರ ಹೆಂಡತಿಗೆ, ಎಲ್ಲ ಚಿಕಿತ್ಸೆಯೂ ಕಂಪನಿಯದು. ಸಂಕಪ್ಪನವರ ಹೆಂಡತಿ ಶಿವಬಸವ್ವನವರ ಎರಡೂ ಮಂಡಿ ಸವೆದಿದ್ದವು. ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಮೂರನೆಯ ಮಹಡಿಯ ಮನೆ, ಲಿಫ್ಟ್ ಇಲ್ಲ. ಆಕೆ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಾರೆ ಎಂದು ಅವರು ಒಂದು ಸಲ ಹೇಳಿದ್ದರು, ಹೇಳಿದ ತಕ್ಷಣ ಮಾತು ಬದಲಿಸಿದ್ದರು.

ಈ ವರ್ಷ ಕೊನೆಗೂ ಅವರ ಹೆಸರು ಪರ್ಮನೆಂಟ್ ಮಾಡಬೇಕಾದವರ ಪಟ್ಟಿ ಸೇರಿತು. ಸೇರಿಸಿದವನು ನಮ್ಮ ಮ್ಯಾನೇಜರ್ ಪೃಥ್ವಿರಾಜ್. ಕುಂದಾಪುರದ ಕಡೆಯವನು, ಪುಣೆಯಲ್ಲಿ ಮೂರು ತಲೆಮಾರಿನಿಂದ ಹೋಟೆಲು ನಡೆಸುವ ಮನೆತನ. ಗಲ್ಲಾದ ಮೇಲೆ ಕೂರಬೇಕಾದವನು ದಾರಿ ತಪ್ಪಿ ಇಂಜಿನಿಯರ್ ಆಗಿದ್ದಾನೆ. "ಗೊತ್ತುಂಟಾ ಸಂಕಪ್ಪಣ್ಣ, ಮುಂದಿನ ವಾರ ಶುಕ್ರವಾರ ಪಟ್ಟಿ ಮೇಲೆ ಹೋಗ್ತದೆ. ಕೈಯಲ್ಲಿರುವ ಕೆಲಸ ಒಂದು ಸಲಕ್ಕೆ ಓಕೆ ಆಗಬೇಕು. ವಾಪಸ್ ಬಂತೋ, ನನ್ನ ಕೈಯಲ್ಲಿ ಎಂತದೂ ಇಲ್ಲ ಮಾರಾಯ್ರೆ," ಎಂದು ಹೇಳಿ ಹೋದ. ಸಂಕಪ್ಪನವರು ಮಾಮೂಲಿ ಹೌದ್ರಿ ಹೇಳಿದರು.

ಕೈಯಲ್ಲಿದ್ದದ್ದು ಒಂದು ಸರಕು ಟೆಂಪೋದ ಬ್ಯಾಟರಿ ಕೂರುವ ತಟ್ಟೆ, ಅದನ್ನು ಹಿಡಿಯುವ ಕಾಲುಗಳು ಮತ್ತು ಪಟ್ಟಿಗಳು, ಒಟ್ಟು ಏಳು ತುಂಡು. ಟೆಂಪೋ ಮಾಡುವ ಕಂಪನಿಯ ಹೆಸರು ಹೇಳುವುದಿಲ್ಲ, ಹೇಳುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಆ ಹಳೆಯ ಮಾದರಿ ನಿಂತು ಐದು ವರ್ಷವಾಗಿತ್ತು, ಅದರ ನಕ್ಷೆಗಳಿದ್ದ ಕಂಪ್ಯೂಟರು ಕೆಟ್ಟುಹೋಗಿತ್ತು, ಅದನ್ನು ಬಲ್ಲ ಹಳಬರು ನಿವೃತ್ತರಾಗಿದ್ದರು. ಈಗ ಅದೇ ತಟ್ಟೆಯನ್ನು ಹೊಸ ಗಾಡಿಗೆ ಬಳಸಬೇಕಂತೆ. ಹನ್ನೊಂದು ವರ್ಷದ ಹಿಂದೆ ನಮ್ಮಲ್ಲಿ ಮಾಡಿದ್ದ ಮೆಶ್ ಒಂದೇ ಉಳಿದ ಸಾಕ್ಷಿ. ಅದನ್ನು ಮಾಡಿದವರು, ಆಗ ತಾನೇ ಗುತ್ತಿಗೆಗೆ ಸೇರಿದ್ದ ಸಂಕಪ್ಪನವರು.

ಗುರುವಾರ ಮಧ್ಯಾಹ್ನಕ್ಕೆ ಎಲ್ಲ ಸರ್ಫೇಸ್ ಸಿದ್ಧವಾಯಿತು. ನಾನು ಒಂದೊಂದನ್ನೇ ತಿರುಗಿಸಿ ನೋಡಿದೆ. ಒಂದು ಬಿರುಕಿಲ್ಲ, ಒಂದು ಸುಕ್ಕಿಲ್ಲ. ಹೊಗಳಲು ಬಾಯಿ ತೆರೆದವಳು ಅಭ್ಯಾಸಬಲದಿಂದ, "ಇಷ್ಟಕ್ಕೆ ನಾಲ್ಕು ದಿನ ಬೇಕಿತ್ತಾ?" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಹಳೆಯ ಮೆಶ್ ಮುಂದಿಟ್ಟುಕೊಂಡು ತಟ್ಟೆಯ ತಳವನ್ನೇ ನೋಡುತ್ತಿದ್ದರು.

"ಮೇಡಮ್ಮಾರ, ಇಲ್ಲಿ ನೋಡ್ರಿ. ಸಪಾಟ ಜಾಗ. ಎಲ್ಲಾ ಕಡೆ ನಾಕ ನಾಕ ಮಂದಿ ಕೂಡ್ಯಾರ. ಇಲ್ಲೊಂದ ಕಡೆ ಯಾಕ ಎಂಟು ಮಂದಿ ಕೂಡ್ಯಾರ?"

ನೋಡಿದೆ. ಚಪ್ಪಟೆ ನೆಲದ ಮೇಲೆ ಚೌಕಗಳ ಮೂಲೆಗಳು ನಾಲ್ಕು ನಾಲ್ಕಾಗಿ ಸೇರುವುದು ಸರಿ. ತಟ್ಟೆಯ ಒಂದು ಕೊನೆಯ ಹತ್ತಿರ ಮಾತ್ರ ಎಂಟು ಚೌಕಗಳು ಒಂದೇ ಚುಕ್ಕೆಗೆ ಮುಖ ಮಾಡಿ ಕೂತಿದ್ದವು. ಒಬ್ಬರಲ್ಲ, ಹತ್ತು ಜನ ನೋಡಿದರೂ ಕಣ್ಣಿಗೆ ಬೀಳದ ಸಂಗತಿ.

"ಏನೀಗ?" ಎಂದೆ.

"ಇಲ್ಲೊಂದು ತೂತ ಇತ್ರಿ," ಎಂದರು ಸಂಕಪ್ಪನವರು. "ಸುತ್ತ ಕುಂತಿದ್ದ ಎಂಟೂ ಮಂದೀನ ನಡುವಿಗೆ ಎಳದು ನಾನ ಮುಚ್ಚೀನಿ."

ಮುಚ್ಚಿದ್ದು ಅಪರಾಧವೇನಲ್ಲ. ಲೆಕ್ಕಕ್ಕೆ ತೊಡಕಾಗುತ್ತದೆ ಎಂದು ಎಂಟು ಮಿಲಿಮೀಟರಿಗಿಂತ ಸಣ್ಣ ತೂತುಗಳನ್ನು ಮುಚ್ಚಿಯೇ ಮೆಶ್ ಮಾಡಬೇಕು ಎಂಬುದು ನಮ್ಮ ನಿಯಮ. ದಿನಕ್ಕೆ ಇಪ್ಪತ್ತು ಮುಚ್ಚುತ್ತೇವೆ. ಮೂಲ ನಕ್ಷೆಯಲ್ಲಿ ತೂತು ಇದ್ದೇ ಇರುತ್ತದಲ್ಲ, ಮೆಶ್‌ನಲ್ಲಿ ಇಲ್ಲದಿದ್ದರೆ ಏನಂತೆ? ಆದರೆ ಈಗ ಮೂಲ ನಕ್ಷೆಯೇ ಇಲ್ಲ. ಮೆಶ್ ನೋಡಿ ಮಾಡಿದ ಸರ್ಫೇಸೇ ಮೂಲ. ಮುಚ್ಚಿದ್ದು ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ನಾನು ಸುತ್ತ ನೋಡಿ ದನಿ ತಗ್ಗಿಸಿದೆ. "ಸಂಕಪ್ಪ, ಮೆಶ್‌ನಲ್ಲಿ ಇದ್ದಹಾಗೆ ಮಾಡಿಕೊಡಿ ಅಂತ ಗಿರಾಕಿಗಳೇ ಬರೆದಿದ್ದಾರೆ. ನೀವು ಹಾಗೇ ಮಾಡಿದ್ದೀರ. ಸೋಮವಾರ ಅವರ ಜೊತೆ ಕಾಲ್ ಇದೆ, ಕೊಟ್ಟು ಕೈ ತೊಳೆದುಕೊಳ್ಳಿ. ಬರುವ ವಾರ ಶುಕ್ರವಾರ ಪಟ್ಟಿ ಹೋಗುತ್ತೆ. ಬಾಯಿ ಬಿಡಬೇಡಿ, ಆಯ್ತಾ?"

"ಹೌದ್...ರಿ," ಎಂದರು, ಕುತ್ತಿಗೆ ವಾಲಿಸಿ. ಮೂರನೆಯ ಬಗೆಯ ಹೌದ್ರಿ ಅದು.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು, ಗಡಸು ಮರಾಠಿ ದನಿ. "ಹ್ಯಾಲೋ, ತುಮ್ಹೀ ಪರ್ಮನೆಂಟ್ ಮ್ಯಾಡಮ್ ಕಾ?"

ಪರ್ಮನೆಂಟ್ ಮ್ಯಾಡಮ್ ನಾನೇ ಇರಬೇಕು ಎಂದು ಒಪ್ಪಿಕೊಂಡೆ. ನಿಮ್ಮ ಮನುಷ್ಯ ಒಬ್ಬ ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಟರಿ ಕದಿಯುವಾಗ ಸಿಕ್ಕಿಬಿದ್ದಿದ್ದಾನೆ, ಬಂದು ಗುರುತು ಹೇಳಿ ಎಂದಿತು ದನಿ. ಹಿಂದಿನಿಂದ ಪರಿಚಿತ ದನಿಯೊಂದು, "ಸಾವಕಾಶ ಬರ್ರಿ ಮೇಡಮ್ಮಾರ, ಗಡಿಬಿಡಿ ಇಲ್ಲ," ಎನ್ನುತ್ತಿತ್ತು.

ಸ್ಕೂಟರು ಓಡಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಹೋಗಿ ನೋಡಿದರೆ ಸಂಕಪ್ಪನವರು ಈರುಳ್ಳಿ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಪೂರ್ತಿ ಗ್ರೀಸು. ಸುತ್ತ ಹನ್ನೆರಡು ಜನ ಹಮಾಲರು, ಒಬ್ಬ ಕಾವಲಿನವನು, ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ ಟೆಂಪೋ ಡ್ರೈವರು.

ನಡೆದದ್ದು ಇಷ್ಟು. ನಸುಕಿಗೇ ಎದ್ದು, ಚಪಾತಿಗೆ ನಾದಿದ ಕಣಕವನ್ನು ಹೆಂಡತಿಯಿಂದ ಒಂದು ಡಬ್ಬಿ ತುಂಬ ಹಾಕಿಸಿಕೊಂಡು, ಸಂಕಪ್ಪನವರು ಆ ಹಳೆಯ ಮಾದರಿಯ ಟೆಂಪೋ ಹುಡುಕುತ್ತಾ ಇಲ್ಲಿಗೆ ಬಂದಿದ್ದರು. ಸಿಕ್ಕಿತು. ಯಾರೂ ಕಾಣಲಿಲ್ಲ. ಕೆಳಗೆ ತೂರಿ, ಬ್ಯಾಟರಿಯ ತಟ್ಟೆಗೆ ಅಡಿಯಿಂದ ಕಣಕ ಒತ್ತಿ ತೂತಿನ ಅಚ್ಚು ತೆಗೆಯುತ್ತಿದ್ದಾಗ ಕಾವಲಿನವನಿಗೆ ಎರಡು ಕಾಲು ಕಂಡವು. ಅದೂ ಎಲ್ಲಿ? ಬ್ಯಾಟರಿಯ ಕೆಳಗೇ! "ಬ್ಯಾಟರಿ ಚೋರ!" ಎಂದು ಕೂಗಿದ. ಡ್ರೈವರು ಓಡಿಬಂದು ಮರಾಠಿಯಲ್ಲಿ ವಂಶೋದ್ಧಾರ ಮಾಡುತ್ತಾ ಕಾಲು ಹಿಡಿದು ಎಳೆದ. ಸಂಕಪ್ಪನವರು ನೋವಿಗೆ, "ಯವ್ವಾ! ಕಾಲ ಬಿಡೋ!" ಎಂದರು. ಡ್ರೈವರು ಕಾಲು ಬಿಟ್ಟ. ಅವನ ಹೆಸರು ಮಾಂತು, ಇಂಡಿ ಊರಿನಿಂದ ನಿಂಬೆಹಣ್ಣು ತರುವವನು.

"ಕನ್ನಡದಾಂವ ಆಗಿ ಕನ್ನಡದವನ ಬ್ಯಾಟರಿಗೆ ಕೈ ಹಾಕ್ತಿ? ನಾಚಿಕಿ ಬರೂದಿಲ್ಲೇನ?"

"ಬ್ಯಾಟರಿ ಅಲ್ಲಪಾ. ತೂತ ನೋಡಾಕ ಬಂದೀನಿ."

"ತೂತ?" ಮಾಂತುವಿನ ಸಂಶಯ ಇಮ್ಮಡಿಯಾಯಿತು. "ಬೆಳ್ಳಬೆಳಗ್ಗೆ ಮಂದಿ ಗಾಡಿ ತೂತ ಯಾರ ನೋಡ್ತಾರ?"

ಸಂಕಪ್ಪನವರು ಕಾರ್ಡು ತೋರಿಸಿದರು. ಅದರ ಮೇಲೆ ಏಜೆನ್ಸಿಯ ಹೆಸರಿತ್ತೇ ಹೊರತು ಕಂಪನಿಯದಿರಲಿಲ್ಲ. ಇಂಥ ಕಾರ್ಡು ಸ್ಟೇಷನ್ ಮುಂದೆ ಇಪ್ಪತ್ತು ರೂಪಾಯಿಗೆ ಮಾಡಿಕೊಡುತ್ತಾರೆ ಎಂದ ಕಾವಲಿನವನು. ಆಗ ಬಂತು, ಕಂಪನಿಯದೇ ಕಾರ್ಡು ಇರುವ ಪರ್ಮನೆಂಟ್ ಮ್ಯಾಡಮ್ಮಿನ ಪ್ರಸ್ತಾಪ.

ನಾನು ನನ್ನ ಕಾರ್ಡು ತೋರಿಸಿದೆ. ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಅರ್ಧವನ್ನು ಹಿಂದಿಯಲ್ಲಿ ಕಾವಲಿನವನಿಗೂ, ಉಳಿದರ್ಧವನ್ನು ಕನ್ನಡದಲ್ಲಿ ಸಂಕಪ್ಪನವರಿಗೂ ಹಂಚಿದೆ. ಹೆಂಗಸೊಬ್ಬಳು ಇಷ್ಟು ಬೈಯಬೇಕಾದರೆ ಇವನು ಪರಿಚಿತನೇ ಇರಬೇಕು ಎಂದು ನಂಬಿ ಜನ ಚದುರಿದರು. ಮಾಂತು ಮಾತ್ರ ಡಬ್ಬಿ ತೆರೆಸಿ ನೋಡಿದ. ಕಣಕದ ಮುದ್ದೆಯ ಮೇಲೆ ಕಡಲೆಕಾಳಿನಷ್ಟು ಎರಡು ಉಬ್ಬು ಎದ್ದಿದ್ದವು.

ಎರಡು! ಒಂದು, ಎಂಟು ಚೌಕ ಸೇರಿದ್ದ ಜಾಗದ್ದು. ಇನ್ನೊಂದು ಅದರ ಎದುರು ಮೂಲೆಯದ್ದು. ಮೆಶ್‌ನಲ್ಲಿ ಅದರ ಗುರುತೇ ಇರಲಿಲ್ಲ.

"ಈ ಎರಡು ತೂತಿನ ಮ್ಯಾಲ ನನ್ನ ಜೀವ ಅದ ನೋಡ್ರಿ," ಎಂದ ಮಾಂತು, ಈಗ ಸಮಾಧಾನವಾಗಿ. "ಮಳಿನೀರು ಇದರಾಗ ಇಳದ ಹೋಗತೈತಿ. ಹದಿನೈದ ದಿನಕ್ಕೊಮ್ಮೆ ಸೈಕಲ್ ಕಡ್ಡಿ ಹಾಕಿ ತಿವೀತೀನಿ. ಹ್ವಾದ ವರ್ಷ ಮರ್ತೆ. ಕಸ ಕುಂತು ಮುಚ್ಚಿತ್ತು. ನೀರ ನಿಂತು ತಳ ತಿಂದು ಹಾಕ್ತು. ಕಾತ್ರಜ್ ಘಾಟ ಇಳಿಯೂ ಮುಂದ ಬ್ಯಾಟರಿ ಕಳಚಿ ರಸ್ತೇಕ ಬಿತ್ರಿ. ಲೈಟ್ ಇಲ್ಲ, ಹಾರ್ನ್ ಇಲ್ಲ, ಬೆನ್ನಮ್ಯಾಲ ಒಂದೂವರೆ ಟನ್ ನಿಂಬಿಹಣ್ಣು. ಹೆಂಗ ನಿಂದ್ರಿಸಿದ್ನೋ ಆ ದೇವ್ರಿಗೇ ಗೊತ್ತು."

ಸಂಕಪ್ಪನವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಅದನ್ನು ಮುಟ್ಟಲಿಲ್ಲ.

ಗೇಟಿನ ಹೊರಗೆ ಬಂದ ಮೇಲೆ ನಾನು ಜಾಣತನ ತೋರಿಸಿದೆ. "ಸರಿ, ಅಳತೆ ಸಿಕ್ತಲ್ಲ. ಸೈಲೆಂಟಾಗಿ ಎರಡು ತೂತು ಹಾಕಿ ಕಳಿಸಿಬಿಡೋಣ. ಯಾರಿಗೂ ಗೊತ್ತಾಗಲ್ಲ, ನಿಮ್ಮ ಹೆಸರೂ ಉಳಿಯುತ್ತೆ."

"ಒಂದು ತೂತ ಗುರುತು ಬಿಟ್ಟಿತ್ತು, ಹಿಡದೆ. ಇನ್ನೊಂದು ಗುರುತೂ ಬಿಟ್ಟಿರಲಿಲ್ಲ. ಏಳು ತುಂಡು ಅದಾವ್ರಿ ಮೇಡಮ್ಮಾರ. ಎಲ್ಲೆಲ್ಲಿ ಏನೇನು ಮುಚ್ಚೀನೋ ನನಗs ನೆಪ್ಪಿಲ್ಲ. ಟೆಂಪೋ ಕಂಪನಿಯವರ ಹಂತೇಲಿ ಹಳೇ ತುಂಡು ಇರ್ತಾವು, ತಗದು ನೋಡ್ರಿ ಅಂತ ಹೇಳಬೇಕಾಗತದ."

"ಹೇಳಿದರೆ ಕೆಲಸ ವಾಪಸ್ ಬಂದಹಾಗೆ. ನಿಮ್ಮ ಮನೆಯವರ ಮಂಡಿ?"

ಅವರು ಡಬ್ಬಿ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಧನಕವಡಿಯ ಬಸ್ಸು ಹತ್ತಿದರು.

ಕೊನೆಯ ಬಾಣ ಎಂದು ಸಂಜೆ ಶಿವಬಸವ್ವನವರಿಗೇ ಫೋನು ಮಾಡಿದೆ. ಗಂಡನಿಗೆ ಬುದ್ಧಿ ಹೇಳಿ ಎಂದು ಬೇಡಿಕೊಂಡೆ. ಆಕೆ ಎಲ್ಲ ಕೇಳಿಸಿಕೊಂಡರು.

"ನನಗ ಗೊತ್ತದ ತಂಗಿ. ನಾ ಏನ ಸುಮ್ಮನ ಕಣಕ ನಾದಿ ಕೊಟ್ನೇನು? ಗುರುವಾರದಿಂದ ಊಟ ಸರಿ ಮಾಡವಲ್ಲರು. ಮುಂದಿಟ್ಟ ರೊಟ್ಟಿ ಮುಂದs ಇರತದ. ಹೇಳಲಿ ಬಿಡವ್ವಾ. ನನ್ನ ಮಣಕಾಲ ಹೆಂಗೋ ನಡೀತಾವು, ಅವರು ಉಣಲಾರದ ಹೆಂಗ ನಡೀತಾರ?"

ನನಗೆ ಅಳು ಬಂತು. ಆಕೆಯ ಮೇಲೂ ಸಿಟ್ಟು ಬಂತು. ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚಿನವರು ಎಂದುಕೊಂಡು ಫೋನು ಇಟ್ಟೆ.

ಸೋಮವಾರ ಹನ್ನೊಂದಕ್ಕೆ ಕಾಲ್. ಗಿರಾಕಿ ಕಂಪನಿಯ ಕಡೆಯಿಂದ ಅವರ ಹಿರಿಯ ಇಂಜಿನಿಯರ್, ಕಡಿಮೆ ಮಾತಿನ ಒಬ್ಬ ಮರಾಠಿ ಹೆಂಗಸು. ನಮ್ಮ ಕಡೆ ಪೃಥ್ವಿರಾಜ್, ನಾನು, ಮತ್ತು ಕ್ಯಾಮೆರಾದಲ್ಲಿ ಕಾಣದಂತೆ ಪಕ್ಕಕ್ಕೆ ಕೂತ ಸಂಕಪ್ಪನವರು. ಗುತ್ತಿಗೆಯವರು ಗಿರಾಕಿಯ ಮುಂದೆ ಮಾತಾಡಬಾರದು ಎಂಬುದು ಪದ್ಧತಿ. ಪೃಥ್ವಿರಾಜನಿಗೆ ಬೆಳಿಗ್ಗೆಯೇ ಎಲ್ಲ ಹೇಳಿದ್ದೆವು. ತಲೆಯ ಮೇಲೆ ಕೈಹೊತ್ತು, "ಎಂತ ಸಾವು ಮಾರಾಯ್ರೆ ಇದು! ಇರಿ, ನಾನು ಉಪಾಯದಲ್ಲಿ ಹೇಳ್ತೇನೆ, ನೀವು ಸುಮ್ಮನಿರಿ," ಎಂದಿದ್ದ. ಪಾಪ, ಅವನ ಉಪಾಯ ಚೆನ್ನಾಗಿಯೇ ಇತ್ತು. ಹಳೆಯ ಮಾದರಿಗಳಲ್ಲಿ ಕೆಲವೊಮ್ಮೆ ಸಣ್ಣ ವಿವರಗಳು ಇಲ್ಲದಿರುವ ಸಾಧ್ಯತೆ ಇರುತ್ತದೆ, ಒಮ್ಮೆ ಹೋಲಿಸಿ ನೋಡಿದರೆ ಒಳ್ಳೆಯದು, ಎಂದು ತುಪ್ಪ ಸವರಿದ.

"ಯಾವ ವಿವರ?" ಎಂದಳು ಆಕೆ. "ಯಾಕಿಲ್ಲ? ಯಾರು ತೆಗೆದದ್ದು?"

ಪೃಥ್ವಿರಾಜ್ ನನ್ನ ಕಡೆ ತಿರುಗಿದ. ಅದು ನಿಯಮದ ಪ್ರಕಾರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಮಫ್ಲರು ಕ್ಯಾಮೆರಾದೊಳಗೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಕುಂಬಳಕಾಯಿಯನ್ನೇ ಹೊತ್ತು ಸಭೆಗೆ ಬಂದವರನ್ನು ಅವತ್ತೇ ಕಂಡದ್ದು.

"ತೇ ಭೋಕ ಮೀಚ ಬುಜವಲಂ, ಮ್ಯಾಡಮ್," ಎಂದರು ಸಂಕಪ್ಪನವರು. ಆ ತೂತು ಮುಚ್ಚಿದವನು ನಾನೇ ಎಂದು. ಕಣಕ ಒಣಗಿ ಕಲ್ಲಾಗಿತ್ತು, ಅದನ್ನೂ ಎತ್ತಿ ತೋರಿಸಿದರು. ಅಳತೆ ಹೇಳಿದರು. ಮಾಂತುವಿನ ಬ್ಯಾಟರಿ ಬಿದ್ದ ಕಥೆಯನ್ನೂ ಹೇಳಿದರು.

ಆಕೆ ಅಳತೆಗಳನ್ನು ಬರೆದುಕೊಂಡಳು. ಆಮೇಲೆ ಕೇಳಿದಳು, "ಇನ್ನೂ ಏನೇನು ಮುಚ್ಚಿದ್ದೀರಿ?"

"ಗೊತ್ತಿಲ್ಲ ಮ್ಯಾಡಮ್. ಅದಕ್ಕೇ ಹೇಳ್ತಿರೂದು."

ಕೆಲಸ ನಿಂತಿತು. ಗಿರಾಕಿ ಕಂಪನಿಯವರು ಗುಜರಿಯ ಕೋಣೆಯಿಂದ ಒಂದು ಹಳೆಯ ತಟ್ಟೆಯನ್ನು ಕಾಲು, ಪಟ್ಟಿಗಳ ಸಮೇತ ಹುಡುಕಿ ತೆಗೆದರು. ಸಂಕಪ್ಪನವರು ಅದನ್ನು ಎದುರಿಗಿಟ್ಟುಕೊಂಡು ಎರಡು ವಾರ ಕೂತು ಎಲ್ಲ ಸರ್ಫೇಸ್ ಮತ್ತೆ ತಿದ್ದಿದರು. ಏಳು ತುಂಡುಗಳಲ್ಲಿ ಒಟ್ಟು ಹದಿನಾಲ್ಕು ತೂತು ಸಿಕ್ಕವು. ಒಂದೊಂದು ಸಿಕ್ಕಾಗಲೂ, "ಬಾರಪಾ, ಇಲ್ಲಿದ್ದೇನು?" ಎನ್ನುತ್ತಿದ್ದರು. ಊಟ ಮಾತ್ರ ಸರಿಯಾಗಿ ಮಾಡತೊಡಗಿದರು, ಡಬ್ಬಿಯಲ್ಲಿ ಮೂರು ರೊಟ್ಟಿಯಿದ್ದದ್ದು ನಾಲ್ಕಾಯಿತು.

ಕಾಲ್ ಆದ ವಾರದ ಶುಕ್ರವಾರವೇ ಪಟ್ಟಿ ಮೇಲೆ ಹೋಗಿತ್ತು, ಅವರ ಹೆಸರಿಲ್ಲದೆ. ಪೃಥ್ವಿರಾಜ್ ಎರಡು ಸಲ ಮೇಲಿನ ಮಹಡಿಗೆ ಹೋಗಿ ಜಗಳ ಮಾಡಿ ಬಂದ. ವಾಪಸ್ ಬಂದ ಕೆಲಸ ವಾಪಸ್ ಬಂದ ಕೆಲಸವೇ, ಕಾರಣ ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ ಎಂದರಂತೆ. ಶಿವಬಸವ್ವನವರ ಮಂಡಿಯ ಆಪರೇಷನ್ ಈ ವರ್ಷವೂ ಆಗಲಿಲ್ಲ. ನನಗೆ ಹೊಟ್ಟೆ ಉರಿಯಿತು, ಇವತ್ತಿಗೂ ಉರಿಯುತ್ತದೆ. ಸಂಕಪ್ಪನವರಿಗೆ ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವರು ಐದನೆಯ ದಿನ ಶೇಂಗಾ ಹೋಳಿಗೆ ತಂದು ನನ್ನ ಕೀಬೋರ್ಡಿನ ಮೇಲಿಟ್ಟರು.

ಸಿಟ್ಟು ತೀರಿಸಿಕೊಳ್ಳಲು ಪೃಥ್ವಿರಾಜ್ ಒಂದು ನಿಯಮ ಮಾಡಿದ. ಇನ್ನು ಮುಂದೆ ಯಾರು ಮೆಶ್ ಮಾಡಿದರೂ, ಮುಚ್ಚಿದ್ದು, ಅಳಿಸಿದ್ದು, ನೇರ ಮಾಡಿದ್ದು, ಎಲ್ಲವನ್ನೂ ಜಾಗ ಮತ್ತು ಅಳತೆಯ ಸಮೇತ ಒಂದು ಹಾಳೆಯಲ್ಲಿ ಬರೆದು ಮೆಶ್ ಜೊತೆ ಇಡಬೇಕು. ಹಾಳೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಅದು ಒಂದು ವಾರವೂ ಬಾಳಲಿಲ್ಲ. 'ಸಂಕಪ್ಪ ಹಾಕಿದೆಯಾ?' 'ನಿನ್ನ ಸಂಕಪ್ಪ ಎಲ್ಲಿ?' 'ಸಂಕಪ್ಪ ಇಲ್ಲದೆ ಫೈಲು ಕಳಿಸಬೇಡ.' ಪಂಜಾಬಿನವರೂ ತಮಿಳರೂ ಅವರವರ ನಾಲಿಗೆಗೆ ಒಗ್ಗಿದ ಹಾಗೆ ದಿನವಿಡೀ ಸಂಕಪ್ಪನನ್ನು ಶಪಿಸತೊಡಗಿದರು. ಗಿರಾಕಿ ಕಂಪನಿಯ ಆ ಹೆಂಗಸು ಕೂಡ ಈಗ ಪತ್ರದಲ್ಲಿ ಬರೆಯುತ್ತಾಳೆ, ದಯವಿಟ್ಟು ಸಂಕಪ್ಪ ಲಗತ್ತಿಸಿ ಎಂದು.

ಹೋದ ವಾರ ನಮ್ಮ ತಂಡಕ್ಕೆ ಸಿಂಧೂರ ಎಂಬ ಹುಡುಗಿ ಸೇರಿದಳು. ಬೆಂಗಳೂರಿನವಳು, ಚುರುಕು, ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳು. ಮೊದಲ ದಿನ ನಾನು ಕೆಲಸದ ಕ್ರಮ ಹೇಳಿಕೊಡುತ್ತಿದ್ದೆ. ಮೆಶ್ ಮುಗಿದ ಮೇಲೆ ಸಂಕಪ್ಪ ತುಂಬಬೇಕು ಎಂದೆ. ಅವಳು ಪೆನ್ನು ಹಿಡಿದು ತಲೆಯೆತ್ತಿದಳು.

"ಮ್ಯಾಮ್, ಒಂದು ಡೌಟು. ಸಂಕಪ್ಪ ಅಂದ್ರೆ ಫುಲ್ ಫಾರ್ಮ್ ಏನು?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನೀರಿನ ಬಾಟಲಿಗೆ ಕೈ ಚಾಚಿದೆ. ಪಕ್ಕದ ಕುರ್ಚಿಯವರು ತೆರೆಯಿಂದ ಕಣ್ಣು ತೆಗೆಯಲಿಲ್ಲ. ಮೌಸು ಒತ್ತುತ್ತಲೇ ಹೇಳಿದರು.

"ಬರಕೋರಿ. ಸಂಕಪ್ಪ, ಯಮನಪ್ಪ, ಗಾಣಿಗೇರ."

ಸಿಂಧೂರ ಬರೆದುಕೊಂಡು, 'ಯಮನಪ್ಪ'ದ ಸ್ಪೆಲ್ಲಿಂಗ್ ಕೇಳಿದಳು.